ಹೆಸರು ಹಿಡಿದು ಕರೆಯುವವರು

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ಕಣ್ತುಂಬ ನೋಡಿ ಧನ್ಯರಾಗಿ ಹಿಂದಿರುಗುವ ಯಾತ್ರಿಕರಲ್ಲಿ, ಅಲ್ಲಿಗೆ ಸಮೀಪದ ಕೊಡಂಗಲ್ಲಿನ ಸಮಾಧಿಗಳವರೆಗೆ ನಡೆದುಹೋಗುವವರು ವಿರಳ. ಅಂತಸ್ತಿನ ಮೇಲೆ ಅಂತಸ್ತನ್ನಿಟ್ಟು, ಮೇಲೇರಿದಂತೆಲ್ಲ ಕಿರಿದಾಗುತ್ತ ಹೋಗುವ ಆ 18 ಕಲ್ಲುಗೋರಿಗಳು ಜೈನ ಮಠಾಧಿಪತಿಗಳವೂ ಶ್ರಾವಕರವೂ ಆಗಿವೆ. ಆದರೆ ಶಾಸನದ ಬಲದಿಂದ ಇಂಥವರದೆಂದು ಗುರುತಿಸಬಹುದಾದವು ಎರಡೇ. ಮಿಕ್ಕವು ತಮ್ಮ ಒಡೆಯರ ಹೆಸರನ್ನು ಕಳೆದುಕೊಂಡು ಎಷ್ಟೋ ಮಳೆಗಾಲಗಳು ಸಂದುವು. ಶಿಲೆಯನ್ನು ನಿಲ್ಲಿಸಿದ ಮಾತ್ರಕ್ಕೆ ಸ್ಮರಣೆ ನಿಲ್ಲದೆಂಬುದು ನನಗೆ ಮನವರಿಕೆಯಾದುದು ಅಲ್ಲಿ.

ಬಂಟ್ವಾಳ, ಬೆಳ್ತಂಗಡಿಗಳ ಅನೇಕ ತುಳುವ ಮನೆಗಳಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಕುಲೆಗಳಿಗೆ, ಎಂದರೆ ತೀರಿಕೊಂಡವರ ಆತ್ಮಗಳಿಗೆ, ಬಡಿಸುವ ಪದ್ಧತಿಯುಂಟು. ಹೊರಗೆ ಮಳೆ ಸುರಿಯುತ್ತಿರಲು ಒಳಕೋಣೆಯಲ್ಲಿ ಬಾಳೆಲೆಯನ್ನಿಟ್ಟು, ತೀರಿಕೊಂಡವರಿಗೆ ಪ್ರಿಯವಾಗಿದ್ದುದನ್ನೆಲ್ಲ, ಕೋಳಿಸಾರು, ರೊಟ್ಟಿ, ಒಬ್ಬರಿಗೆ ಕಳ್ಳು, ಮತ್ತೊಬ್ಬರಿಗೆ ಎಲೆಯಡಿಕೆ, ಹೀಗೆ ಬಡಿಸಿ, ಹಿರಿಯರನ್ನು ಕರೆದು, ಬಾಗಿಲನ್ನು ಮುಚ್ಚಿ, ಮನೆಮಂದಿ ಹೊರಗೆ ಮೌನವಾಗಿ ಕಾದಿರುತ್ತಾರೆ. ಅಲ್ಲಿ ಶಿಲೆಯಿಲ್ಲ, ಶಾಸನವಿಲ್ಲ. ಮಾವನಿಗೆ ಖಾರ ತುಸು ಮುಂದಾಗಿ ಬೇಕಿತ್ತೆಂಬುದನ್ನು ಮರೆಯದ ಸೊಸೆಯೊಬ್ಬಳಿದ್ದಾಳೆ, ಅದನ್ನು ಅವಳಿಂದ ಕೇಳಿ ತಿಳಿಯುವ ಮೊಮ್ಮಗಳಿದ್ದಾಳೆ. ಇದಕ್ಕಿಂತ ಸಜೀವವಾದ ಶಾಸನವನ್ನು ನಾನರಿಯೆ.

ನವೆಂಬರ್ 2ರಂದು, ಸಕಲ ಮೃತರ ದಿನ, ಈ ಪ್ರದೇಶದ ಕ್ರೈಸ್ತ ಸ್ಮಶಾನಗಳಲ್ಲಿ ಗೋರಿಗಳು ಹೂವು ಮೇಣದಬತ್ತಿಗಳಿಂದ ತುಂಬುತ್ತವೆ. ಪಾದ್ರಿಗಳು ಪವಿತ್ರ ಜಲವನ್ನು ಪ್ರೋಕ್ಷಿಸುತ್ತಾರೆ. ಮುಸಲ್ಮಾನ ಬಂಧುಗಳು ಮಸೀದಿಯ ಮಗ್ಗುಲ ಖಬರಸ್ತಾನದಲ್ಲಿ ಝಿಯಾರತ್ ಮಾಡಿ ಪ್ರಾರ್ಥಿಸುತ್ತಾರೆ. ಮತಗಳು ಬೇರೆಯಾದರೂ ಕೆಲಸವೊಂದೇ: ಹೋಗುವುದು, ನಿಲ್ಲುವುದು, ಹೆಸರನ್ನು ಉಚ್ಚರಿಸುವುದು.

ನನ್ನ ವ್ಯಥೆಯಿರುವುದು ಇಲ್ಲಿ. ನಮ್ಮ ಮನೆಗಳ ಮಕ್ಕಳು ಮುಂಬಯಿಗೂ ಗಲ್ಫ್ ದೇಶಗಳಿಗೂ ಹೋಗಿ ದುಡಿಯುವವರು. ಅವರು ಕಳುಹಿಸಿದ ಹಣದಿಂದ ಗೋರಿಗೆ ಗ್ರಾನೈಟ್ ಹಾಸಾಗುತ್ತದೆ, ಕೂಲಿಯಾಳು ಹುಲ್ಲು ಹೆರೆಯುತ್ತಾನೆ, ಆ ಚಿತ್ರವೊಂದು ಮೊಬೈಲಿನಲ್ಲಿ ಕಡಲನ್ನು ದಾಟುತ್ತದೆ. ಅದು ಅನಾದರವೆಂದು ನಾನು ಹೇಳಲಾರೆ. ರಜೆ ಸಿಗದ ಸಂಕಟವನ್ನು ನಾನು ಬಲ್ಲೆ. ಆದರೂ ಮದುವೆಗೆ, ಗೃಹಪ್ರವೇಶಕ್ಕೆ, ದೈವದ ಕೋಲಕ್ಕೆ ಹೇಗಾದರೂ ಹೊಂದಿಸಿಕೊಳ್ಳುವ ರಜೆಯನ್ನು ಕೆಲವು ವರ್ಷಗಳಿಗೊಮ್ಮೆಯಾದರೂ ಆಟಿಗೋ ನವೆಂಬರಿಗೋ ತೆಗೆದಿರಿಸಬೇಕು, ಬರುವಾಗ ಮಕ್ಕಳನ್ನು ಕರೆತರಬೇಕು, ಹುಲ್ಲನ್ನು ತಮ್ಮ ಕೈಯಿಂದಲೇ ಕೀಳಬೇಕು. ಕೆಸರು ಮೆತ್ತಿದ ಕೈಯನ್ನು ತೊಳೆದುಕೊಳ್ಳುತ್ತಿರುವಾಗ ಮಗು, ಇವರು ಯಾರು, ಹೇಗಿದ್ದರು ಎಂದು ಕೇಳಿಯೇ ಕೇಳುತ್ತದೆ; ಆ ಪ್ರಶ್ನೆಗೆ ಉತ್ತರಿಸಬಲ್ಲ ಮುದುಕರು ನಮ್ಮ ಊರುಗಳಲ್ಲಿ ಇನ್ನೂ ಕೆಲವರಿದ್ದಾರೆ.