ಅಣೆಕಟ್ಟೆಯಿಂದ ಎಷ್ಟು ನೀರು ಬಿಡಬೇಕೆಂದು ಕಂಪ್ಯೂಟರ್ ಹೇಳಬಲ್ಲದೇ?

ಮಳೆ ಜೋರಾದರೆ ಹೊನ್ನಾವರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ 'ಲಿಂಗನಮಕ್ಕಿ ತುಂಬಿತು, ಗೇಟ್ ತೆಗೆಯುತ್ತಾರೆ' ಎಂಬ ಸಂದೇಶಗಳು ಓಡಾಡುತ್ತವೆ. ಜತೆಗೇ ಒಂದು ವಾದವೂ ಬರುತ್ತದೆ: ಕಂಪ್ಯೂಟರ್‌ನಲ್ಲಿ ಸರಿಯಾಗಿ ಲೆಕ್ಕ ಹಾಕಿ ನೀರು ಬಿಟ್ಟರೆ ನೆರೆಯೇ ಬರದು. ಇದು ಎಷ್ಟು ನಿಜ?

ಹಿನ್ನೆಲೆ

ಶರಾವತಿಗೆ 1964ರಲ್ಲಿ ಕಟ್ಟಿದ ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ, ಸಾಮರ್ಥ್ಯ ಸುಮಾರು 151 ಟಿಎಂಸಿ. ಅಲ್ಲಿಂದ ಬಿಟ್ಟ ನೀರು ಅದಕ್ಕಿಂತ ತೀರಾ ಚಿಕ್ಕದಾದ ಗೇರುಸೊಪ್ಪ ಜಲಾಶಯಕ್ಕೆ ಬಂದು, ಹೊನ್ನಾವರದ ಬಳಿ ಸಮುದ್ರ ಸೇರುತ್ತದೆ.

ಲೆಕ್ಕ ಹೇಗೆ?

ನಾಳೆಯ ನೀರು ಎಂದರೆ ಇಂದಿನ ನೀರಿಗೆ ಒಳಹರಿವು ಕೂಡಿಸಿ, ಹೊರಬಿಟ್ಟದ್ದನ್ನು ಕಳೆದದ್ದು. ದಿನಕ್ಕೊಮ್ಮೆ ಮಟ್ಟ ನೋಡಿ, ಅದಕ್ಕೆ ತಕ್ಕಂತೆ ಗೇಟ್ ತೆಗೆಯುವುದೇ ಫೀಡ್‌ಬ್ಯಾಕ್ ನಿಯಂತ್ರಣ. ಇದರ ಅತ್ಯುತ್ತಮ ಸೂತ್ರವನ್ನು ಲೆಕ್ಕ ಹಾಕುವ ದಾರಿಯನ್ನು ಆರ್. ಇ. ಕಾಲ್ಮನ್ 1960ರಲ್ಲಿ ತೋರಿಸಿದರು.

ಒಂದು ಸರಳ ಉದಾಹರಣೆ ನೋಡೋಣ. ಜಲಾಶಯದಲ್ಲಿ ಇರಬೇಕಾದ್ದಕ್ಕಿಂತ 10 ಪಾಲು ನೀರು ಹೆಚ್ಚಿದೆ. ಉಳಿಸಿಕೊಂಡರೆ ಅಣೆಕಟ್ಟೆಗೆ ಅಪಾಯ, ಒಮ್ಮೆಲೇ ಬಿಟ್ಟರೆ ಕೆಳಗಿನ ಊರಿಗೆ ಅಪಾಯ. ನೀರು ಎರಡು ಪಟ್ಟಾದರೆ ಅಪಾಯ ನಾಲ್ಕು ಪಟ್ಟು ಎಂದುಕೊಳ್ಳೋಣ. ಹತ್ತನ್ನೂ ಬಿಟ್ಟರೆ ಅಪಾಯ 100. ಐದು ಬಿಟ್ಟು ಐದು ಉಳಿಸಿದರೆ 25+25, ಅಂದರೆ 50. ಹಾಗಾಗಿ ಕೊನೆಯ ದಿನ ಅರ್ಧ ಬಿಡುವುದೇ ಸರಿ. ಅಲ್ಲಿಂದ ಒಂದೊಂದೇ ದಿನ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದರೆ ಬಿಡಬೇಕಾದ ಪಾಲು ಶೇ. 50, 60, 61.5 ಹೀಗೆ ಏರಿ, ಶೇ. 61.8ರ ಬಳಿ ನಿಂತುಬಿಡುತ್ತದೆ. ಈ ಹಿಂದಕ್ಕೆ ಸಾಗುವ ಲೆಕ್ಕಕ್ಕೆ ರಿಕಾಟಿ ಸಮೀಕರಣ ಎಂದು ಹೆಸರು. ಕಂಪ್ಯೂಟರ್‌ಗೆ ಇದು ಕ್ಷಣದ ಕೆಲಸ.

ಕಷ್ಟ ಎಲ್ಲಿದೆ?

ಮೇಲಿನ ಲೆಕ್ಕದಲ್ಲಿ ಎರಡೂ ಅಪಾಯಗಳಿಗೆ ಸಮಾನ ತೂಕ ಕೊಟ್ಟಿದ್ದೆವು. ಕೆಳದಂಡೆಯ ಮನೆ, ತೋಟಗಳಿಗೆ ಹತ್ತು ಪಟ್ಟು ತೂಕ ಕೊಟ್ಟರೆ ಉತ್ತರ ಶೇ. 27ಕ್ಕೆ ಇಳಿಯುತ್ತದೆ. ನೀರು ನಿಧಾನವಾಗಿ ಹೊರಹೋಗುತ್ತದೆ, ಆದರೆ ಮುಂದಿನ ಮಳೆಗೆ ಜಲಾಶಯದಲ್ಲಿ ಜಾಗ ಕಡಿಮೆಯಾಗುತ್ತದೆ. ಬೇಸಿಗೆಯ ವಿದ್ಯುತ್ತಿಗೆ ಹೆಚ್ಚು ತೂಕ ಕೊಟ್ಟರೆ ನೀರು ಬಿಡುವುದು ಇನ್ನೂ ತಡವಾಗುತ್ತದೆ. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಗಣಿತ ಹೇಳುವುದಿಲ್ಲ, ಮನುಷ್ಯರೇ ತೀರ್ಮಾನಿಸಬೇಕು. ಅಲ್ಲದೆ ಅಣೆಕಟ್ಟೆ ತುಂಬಿದ ಮೇಲೆ ಒಳಬಂದಷ್ಟನ್ನೂ ಬಿಡಲೇಬೇಕು. ಆಗ ಯಾವ ಸೂತ್ರವೂ ನಡೆಯದು. ಮಳೆಗಾಲದ ನಡುವೆಯೇ ಜಾಗ ಉಳಿಸಿಕೊಳ್ಳಬೇಕಾದದ್ದು ಅದಕ್ಕೇ.

ಎಲ್ಲ ನೆರೆಯೂ ಗೇಟಿನಿಂದ ಬರುವುದಿಲ್ಲ. ಕುಮಟಾದ ಅಘನಾಶಿನಿಗೆ ದೊಡ್ಡ ಅಣೆಕಟ್ಟೆಯೇ ಇಲ್ಲ, ಆದರೂ ಅದು ಉಕ್ಕುತ್ತದೆ. ಭಟ್ಕಳದಲ್ಲಿ 2022ರ ಆಗಸ್ಟ್ ಆರಂಭದಲ್ಲಿ ಊರು ಮುಳುಗಿದ್ದು ಒಂದೇ ದಿನದ ಭಾರಿ ಮಳೆಗೆ.

ಕೊನೆಯ ಮಾತು

ಸಂದೇಶದ ವಾದ ಅರ್ಧ ಸತ್ಯ. ಒಳ್ಳೆಯ ಲೆಕ್ಕ ನೆರೆಯನ್ನು ತಗ್ಗಿಸಬಹುದು, ಇಲ್ಲವಾಗಿಸಲಾರದು. ಮುಂದಿನ ಸಲ ಇಂಥ ಸಂದೇಶ ಬಂದರೆ ದಿನಾಂಕ ಮತ್ತು ಅಧಿಕೃತ ಪ್ರಕಟಣೆ ನೋಡಿ, ಆಮೇಲೆ ಹಂಚಿ. 'ಕಂಪ್ಯೂಟರ್ ಇದೆಯೇ?' ಎಂಬುದರ ಬದಲು 'ಕೆಳದಂಡೆಯವರಿಗೆ ಎಷ್ಟು ತೂಕ ಕೊಟ್ಟಿದ್ದೀರಿ?' ಎಂದು ಕೇಳಿ.