ಸತ್ತ ದನಕ್ಕೆ ನಮ್ಮ ಕೈ, ನಮ್ಮ ನಾಯಿಗೆ ಯಾರ ಕೈ?

‘ನಾಯಿ ಸತ್ತದ್ದಕ್ಕೂ ಒಂದು ಲೇಖನವೇನಯ್ಯಾ?’ ಎಂದು ಸಂಘಟನೆಯ ಗೆಳೆಯನೊಬ್ಬ ನಕ್ಕ. ಮನುಷ್ಯರನ್ನೇ ಕಂಬಕ್ಕೆ ಕಟ್ಟಿ ಹೊಡೆಯುವ ನಾಡಿನಲ್ಲಿ ಒಂದು ಕೇರಿನಾಯಿಯ ಸಾವು ಯಾವ ಲೆಕ್ಕ ಅನ್ನುವುದು ಅವನ ವಾದ. ಈ ವಾದಕ್ಕೇ ಉತ್ತರ ಬರೆಯುತ್ತಿದ್ದೇನೆ. ಆ ನಾಯಿಯನ್ನು ಮುಟ್ಟದ ಕೈ ಯಾಕೆ ಮುಟ್ಟಲಿಲ್ಲ ಎಂದು ಕೇಳುತ್ತಾ ಹೋದರೆ ಪ್ರಶ್ನೆ ನಮ್ಮ ಮೈಗೇ ಬಂದು ನಿಲ್ಲುತ್ತದೆ.

ಮೊದಲು ಹೆಸರಿನ ವಿಷಯ. ನಮ್ಮ ಮನೆಯಲ್ಲಿ ನಾಯಿಗೆ ಕರಿಯ ಅಂತ ಹೆಸರಿಡುವ ಹಾಗಿಲ್ಲ, ಅದು ನಮ್ಮ ತಾತನ ಹೆಸರು. ಕೆಂಚ ಅಂತಲೂ ಇಡುವ ಹಾಗಿಲ್ಲ, ಅದು ಪಕ್ಕದ ಮನೆಯ ಮುದುಕನ ಹೆಸರು. ನಾಯಿಗಿಡುವ ಹೆಸರನ್ನೆಲ್ಲ ಊರವರು ನಮ್ಮವರಿಗೆ ಇಟ್ಟು ಮುಗಿಸಿದ್ದಾರೆ. ಅದಕ್ಕೇ ನನ್ನ ತಂಗಿ ತನ್ನ ಮರಿಗೆ ರಾಜ ಅಂತ ಹೆಸರಿಟ್ಟಳು. ತಾನು ತಿನ್ನುವ ಮುದ್ದೆಯಲ್ಲಿ ಅರ್ಧ ಅದಕ್ಕಿಟ್ಟು ಸಾಕಿದಳು.

ಮೂರು ತಿಂಗಳ ಮರಿ. ಒಂದು ದಿನ ವಾಂತಿ ಶುರುವಾಯಿತು. ರಾತ್ರಿಗೆ ರಕ್ತಭೇದಿ. ಅಪ್ಪ ಅದರ ಹೊಟ್ಟೆ ಒತ್ತಿ ನೋಡಿ, ‘ಕರುಳು ಕೆಟ್ಟದೆ ಕನ್ಲಾ, ಇದು ಮನೆಮದ್ದಿಗೆ ಬಗ್ಗಾಕಿಲ್ಲ’ ಅಂದ. ಅಪ್ಪನಿಗೆ ಓದು ಬರದು. ಆದರೆ ಪ್ರಾಯದಲ್ಲಿ ಊರಿನ ಸತ್ತ ದನಗಳನ್ನೆಲ್ಲ ಹೊತ್ತು, ಚರ್ಮ ಸುಲಿದು, ಹೊಟ್ಟೆ ಬಗೆದು ಕಂಡವನು. ಯಾವ ದನ ಯಾವ ಕಾಯಿಲೆಯಿಂದ ಸತ್ತಿತು ಅಂತ ಈರಲು, ಕರುಳು ನೋಡಿ ಹೇಳುತ್ತಿದ್ದ. ಆ ವಿದ್ಯೆಗೆ ಯಾರೂ ಸರ್ಟಿಫಿಕೇಟು ಕೊಡಲಿಲ್ಲ.

ಬೆಳಿಗ್ಗೆ ಮರಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತಾಲ್ಲೂಕಿನ ಪಶು ಆಸ್ಪತ್ರೆಗೆ ಹೋದೆವು. ಒಂಬತ್ತಕ್ಕೆ ಹೋದವರಿಗೆ ಡಾಕ್ಟರು ಸಿಕ್ಕಿದ್ದು ಹನ್ನೊಂದೂವರೆಗೆ. ಅಷ್ಟರಲ್ಲಿ ಕಾರೊಂದು ಬಂತು. ಯಾರೋ ದೊಡ್ಡವರ ಮನೆಯ ಲ್ಯಾಬ್ರಡಾರ್. ಅದಕ್ಕೆ ಕಿವಿ ಕೆರೆತ. ಡಾಕ್ಟರು ಅದನ್ನು ಹೆಸರು ಹಿಡಿದು ಕರೆದರು, ಮೇಜಿನ ಮೇಲೆ ಹತ್ತಿಸಿಕೊಂಡರು, ತಮ್ಮ ಕೈಯಾರೆ ಕಿವಿ ತೊಳೆದರು. ಯಾರದೋ ನಾಯಿಯ ಕಿವಿ ತೊಳೆದದ್ದಕ್ಕೆ ನನಗೆ ಹೊಟ್ಟೆಯುರಿಯಿಲ್ಲ. ಆ ನಾಯಿ ಏನು ಪಾಪ ಮಾಡಿದೆ?

ನಮ್ಮ ಸರದಿ ಬಂದಾಗ ಡಾಕ್ಟರು ಜಗುಲಿಯಿಂದ ಕೆಳಕ್ಕಿಳಿಯಲಿಲ್ಲ.

‘ಯಾವೂರು?’ ಅಪ್ಪ ಹೇಳಿದ.

‘ಊರಲ್ಲಿ ಎಲ್ಲಿ ಮನೆ?’ ಅಪ್ಪ ಅದನ್ನೂ ಹೇಳಿದ.

ರಿಜಿಸ್ಟರಿಗೆ ಬರೆದುಕೊಳ್ಳುತ್ತಿದ್ದವನು ನಾಯಿಯ ಹೆಸರು ಕೇಳಿ ‘ಕೇರಿನಾಯಿಗೆ ರಾಜನಾ?’ ಎಂದು ಹಲ್ಲು ಬಿಟ್ಟ. ಅಪ್ಪ ಕೈಮುಗಿದು ‘ಒಸಿ ಮುಟ್ಟಿ ನೋಡಿ ಬುದ್ಧೀ’ ಅಂದ. ‘ಇದು ಉಳಿಯಲ್ಲ ಕಣಯ್ಯ, ಸುಮ್ನೆ ಯಾಕೆ ದುಡ್ಡು ದಂಡ’ ಎಂದು ಡಾಕ್ಟರು ಒಂದು ಚೀಟಿ ಗೀಚಿ ಕೊಟ್ಟರು. ಗ್ಲೂಕೋಸ್ ಬಾಟಲಿ ಇಲ್ಲವಂತೆ, ಹೊರಗೆ ತರಬೇಕಂತೆ. ಅಪ್ಪನ ಎರಡು ದಿನದ ಕೂಲಿ ಕೊಟ್ಟು ತಂದೆವು. ಸೂಜಿ ಚುಚ್ಚಿದ್ದು ಡಾಕ್ಟರಲ್ಲ, ಅಲ್ಲಿ ಕಸ ಗುಡಿಸುವ ನೌಕರ. ಅವನು ನಮ್ಮವನೇ. ಆ ಆಸ್ಪತ್ರೆಯಲ್ಲಿ ರಾಜನನ್ನು ಮುಟ್ಟಿದ್ದು ಅವನೊಬ್ಬನ ಕೈ. ಮಾರನೆಯ ರಾತ್ರಿ ರಾಜ ಸತ್ತ.

ಎರಡು ತಿಂಗಳಾದ ಮೇಲೆ ತಂಗಿಯ ಅಳು ನೋಡಲಾರದೆ ಅಪ್ಪ ಇನ್ನೊಂದು ಮರಿ ತಂದ. ಅದೂ ಹಾಗೇ ರಕ್ತ ಕಾರಿ ಸತ್ತಿತು.

ಆಗ ನಾನು ಓದಲು ಕೂತೆ. ಈ ರೋಗದ ಹೆಸರು ಪಾರ್ವೊ. 1978ರ ಸುಮಾರಿಗೆ ಜಗತ್ತಿನ ನಾಯಿಗಳಲ್ಲಿ ಹಬ್ಬಿದ ವೈರಸ್ಸು. ಅದನ್ನು ನೇರವಾಗಿ ಕೊಲ್ಲುವ ಔಷಧಿಯಿಲ್ಲ, ಆದರೆ ಬೇಗನೆ ನರಕ್ಕೆ ನೀರು ಕೊಟ್ಟು ನೋಡಿಕೊಂಡರೆ ಹೆಚ್ಚಿನ ಮರಿಗಳು ಬದುಕುತ್ತವೆ. ಆರೆಂಟು ವಾರಕ್ಕೆ ಮೊದಲ ಚುಚ್ಚುಮದ್ದು, ನಾಲ್ಕು ತಿಂಗಳು ತುಂಬುವವರೆಗೆ ಮತ್ತೆ ಮತ್ತೆ ಹಾಕಿಸಿದರೆ ರೋಗ ಹತ್ತಿರ ಸುಳಿಯುವುದು ಅಪರೂಪ. ಮುಖ್ಯವಾದ ಮಾತು ಇನ್ನೊಂದಿದೆ: ಸತ್ತ ಮರಿ ಮಲಗಿದ್ದ ಮಣ್ಣಿನಲ್ಲಿ ಆ ವೈರಸ್ಸು ತಿಂಗಳುಗಟ್ಟಲೆ ಬದುಕಿರುತ್ತದೆ. ಬ್ಲೀಚಿಂಗ್ ನೀರಿನಿಂದ ತೊಳೆಯಬೇಕು, ಚುಚ್ಚುಮದ್ದಿಲ್ಲದ ಮರಿಯನ್ನು ಅಲ್ಲಿಗೆ ತರಬಾರದು.

ಇಷ್ಟು ಹೇಳಲು ಅರ್ಧ ನಿಮಿಷ ಸಾಕಿತ್ತು. ಅದಕ್ಕೆ ಸ್ಟಾಕು ಬೇಡ, ಬಜೆಟ್ಟು ಬೇಡ. ಎದುರಿಗೆ ನಿಂತವನು ಮಾತು ತಿಳಿಯುವ ಮನುಷ್ಯ ಅಂತ ಒಪ್ಪಿಕೊಂಡರೆ ಸಾಕಿತ್ತು.

ಇದು ಹೊಸದಲ್ಲ. ನೆರಡಿ ರೋಗದಿಂದ ಸತ್ತ ದನದ ಹೊಟ್ಟೆ ಬಗೆಯಬಾರದು, ಬಗೆದರೆ ರೋಗ ಮನುಷ್ಯನಿಗೂ ಅಂಟುತ್ತದೆ, ಅದರ ಬೀಜ ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ವಿಜ್ಞಾನಕ್ಕೆ ಇದು ಯಾವತ್ತೋ ಗೊತ್ತಿತ್ತು. ನಮ್ಮ ತಾತಂದಿರಿಗೆ ಯಾರು ಹೇಳಿದರು? ‘ದನ ಸತ್ತದೆ, ಎಳಕೊಂಡೋಗ್ರಲಾ’ ಅಂದರೇ ಹೊರತು, ‘ಇದನ್ನ ಮುಟ್ಬೇಡಿ, ಸಾಯ್ತೀರಿ’ ಅಂದವರು ಎಷ್ಟು ಮಂದಿ? ಮುಟ್ಟಬೇಡ ಅಂತ ನಮಗೆ ಕೆರೆ ತೋರಿಸಿದರು, ಗುಡಿ ತೋರಿಸಿದರು. ನಿಜಕ್ಕೂ ಮುಟ್ಟಬಾರದ ಹೆಣವನ್ನು ಮಾತ್ರ ಹೆಗಲಿಗೆ ಹೊರಿಸಿದರು.

ಡಾಕ್ಟರು ಜಾತಿಯ ಮಾತೇ ಎತ್ತಲಿಲ್ಲವಲ್ಲ ಎಂದು ನೀವು ಕೇಳಬಹುದು. ನಿಜ, ಎತ್ತಲಿಲ್ಲ. ‘ಊರಲ್ಲಿ ಎಲ್ಲಿ ಮನೆ’ ಅಂತ ಕೇಳಿದರು. ನಮ್ಮ ಹಳ್ಳಿಗಳಲ್ಲಿ ಅಷ್ಟು ಕೇಳಿದರೆ ಜಾತಿ ಕೇಳಿದ ಹಾಗೆಯೇ. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 6ನೇ ಕಲಮಿನಲ್ಲಿ ಅಪರಾಧ. ಆದರೆ ಜಗುಲಿಯಿಂದ ಇಳಿಯದ ಕಾಲನ್ನು ಯಾವ ಕೋರ್ಟಿನಲ್ಲಿ ಸಾಕ್ಷಿಗೆ ನಿಲ್ಲಿಸುತ್ತೀರಿ? ಡಾಕ್ಟರ ಹುದ್ದೆಗಳು ಖಾಲಿ ಇವೆ, ಒಬ್ಬರ ತಲೆಯ ಮೇಲೆ ಹತ್ತಾರು ಹಳ್ಳಿ ಅಂತಲೂ ಹೇಳುತ್ತಾರೆ. ಅದೂ ಇರಬಹುದು. ಆದರೆ ಖಾಲಿ ಹುದ್ದೆ ಎಲ್ಲರಿಗೂ ಖಾಲಿ ಇರಬೇಕಲ್ಲ? ಕಾರು ಬಂದ ಕೂಡಲೇ ಅದು ಹೇಗೆ ತುಂಬಿಕೊಳ್ಳುತ್ತದೆ?

ಮಹಾಡಿನ ಚವದಾರ್ ಕೆರೆಯನ್ನು ನೆನೆಯಿರಿ. ಸಾರ್ವಜನಿಕ ಕೆರೆಗಳು ಎಲ್ಲರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಆದರೂ ಆ ಕೆರೆಯಲ್ಲಿ ದನ ಕುಡಿಯಬಹುದಿತ್ತು, ನಾಯಿ ಕುಡಿಯಬಹುದಿತ್ತು, ನಮ್ಮವರು ಕುಡಿಯುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಬೊಗಸೆಯಲ್ಲಿ ನೀರೆತ್ತಿ ಕುಡಿಯಬೇಕಾಯಿತು. ಅಂದು ಪ್ರಾಣಿಗಿಂತ ಕೀಳಾಗಿ ನಮ್ಮನ್ನು ಕಂಡರು. ಇಂದು ನಮ್ಮ ಮನೆಯ ಪ್ರಾಣಿಗೂ ನಮ್ಮ ಜಾತಿಯನ್ನೇ ಹಚ್ಚಿ ಕಳಿಸುತ್ತಿದ್ದಾರೆ.

2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದದ್ದಕ್ಕೆ ನಮ್ಮ ಹುಡುಗರ ಚರ್ಮ ಸುಲಿಯುವಂತೆ ಹೊಡೆದರು. ಆಗ ಸುರೇಂದ್ರನಗರದ ದಲಿತರು ಸತ್ತ ದನಗಳನ್ನು ತಂದು ಸರ್ಕಾರಿ ಕಚೇರಿಯ ಮುಂದೆ ಸುರಿದರು. ನಿಮ್ಮ ತಾಯಿ, ನೀವೇ ಮಣ್ಣು ಮಾಡಿಕೊಳ್ಳಿ ಅಂದರು. ಅದು ನಮ್ಮ ಕಾಲದ ದೊಡ್ಡ ಕಾವ್ಯ.

ಇನ್ನು ನನ್ನ ತಪ್ಪು. ಅಪ್ಪ ‘ಬುದ್ಧೀ’ ಅಂದಾಗ ಪಕ್ಕದಲ್ಲಿ ನಿಂತಿದ್ದ ಈ ಡಿಗ್ರಿ ಹೋಲ್ಡರ್ ಬಾಯಿ ಬಿಡಲಿಲ್ಲ. ಕವಿಗೋಷ್ಠಿಯಲ್ಲಿ ಬೆಂಕಿ ಉಗುಳುವವನು ಜಗುಲಿಯ ಮುಂದೆ ತಣ್ಣಗಾದೆ. ನಾಯಿಗೋಸ್ಕರ ಜಗಳವೇ ಅಂತ ನಾನೂ ಒಳಗೊಳಗೇ ಅಂದುಕೊಂಡಿದ್ದೆ. ನನ್ನ ಗೆಳೆಯನ ನಗು ಮೊದಲು ನನ್ನೊಳಗೇ ಇತ್ತು.

ಅದಕ್ಕೇ ಗೆಳೆಯರೇ, ನಗಬೇಡಿ. ಹುಚ್ಚುನಾಯಿ ರೋಗ ಮನುಷ್ಯರಿಗೆ ಬರುವುದು ನೂರಕ್ಕೆ ತೊಂಬತ್ತೊಂಬತ್ತು ಪಾಲು ನಾಯಿಯಿಂದ. ಲಕ್ಷಣ ಕಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ. ಕೇರಿಯ ಮಕ್ಕಳು ಮಲಗುವುದು ನಾಯಿಮರಿಯ ಪಕ್ಕದಲ್ಲೇ. ಆ ನಾಯಿಯ ಮೈಗೆ ಸೂಜಿ ಬೀಳದಿದ್ದರೆ ಸಾಯುವುದು ನಮ್ಮ ಮಗು.

ಹಳ್ಳಿಯ ಮೇಷ್ಟರುಗಳೇ, ಲಸಿಕೆಯ ಕ್ಯಾಂಪು ಗುಡಿಯ ಮುಂದೆ ಬೇಡ, ಕೇರಿಯೊಳಗೆ ನಡೆಯಲಿ ಎಂದು ಅರ್ಜಿ ಬರೆದುಕೊಡಿ. 1962ಕ್ಕೆ ಫೋನ್ ಮಾಡಿದರೆ ಪಶು ಚಿಕಿತ್ಸೆಯ ವಾಹನ ಮನೆ ಬಾಗಿಲಿಗೆ ಬರಬೇಕು ಎಂಬುದನ್ನು ಮಕ್ಕಳಿಗೆ ಕಲಿಸಿ. ವಿದ್ಯಾರ್ಥಿಗಳೇ, ಆಸ್ಪತ್ರೆಗೆ ಬಂದ ಔಷಧಿ ಎಷ್ಟು, ಯಾರ ನಾಯಿಗೆ ಹೋಯಿತು, ಯಾರ ಮೇಕೆಗೆ ಇಲ್ಲವಾಯಿತು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಿ. ನಮ್ಮಪ್ಪಂದಿರ ಜೊತೆ ಹೋಗಿ ನಿಲ್ಲಿ, ಅವರು ಕೈಮುಗಿಯುವ ಮೊದಲು ನೀವು ಮಾತಾಡಿ.

ತಂಗಿ ಮೂರನೆಯ ಮರಿ ತಂದಿದ್ದಾಳೆ. ಅಂಗಳವನ್ನು ಬ್ಲೀಚಿಂಗ್ ನೀರಿನಿಂದ ತೊಳೆದಿದ್ದೇವೆ. ಇದಕ್ಕೂ ರಾಜ ಅಂತಲೇ ಹೆಸರು. ಸೋಮವಾರ ಎರಡನೆಯ ಚುಚ್ಚುಮದ್ದು. ಅದೇ ಆಸ್ಪತ್ರೆ, ಅದೇ ಜಗುಲಿ. ಈ ಸಲ ರಿಜಿಸ್ಟರಿನಲ್ಲಿ ಹೆಸರು ನಾನೇ ಬರೆಸುತ್ತೇನೆ. ಡಾಕ್ಟರು ಕೆಳಗಿಳಿದು ಬರುವವರೆಗೆ ಅಲ್ಲಿಂದ ಕದಲುವುದಿಲ್ಲ.