ಸ್ಕೋಪು ಕೂರಿಸೋಕೆ ತೂಕದ ಗುಂಡು ಸಾಕು

ಕೋವಿ ವಿಷಯ ಬರೆದರೆ ಓದೋರು ಓಡಿಹೋಗ್ತಾರೇನೋ ಅಂತ ಇಷ್ಟು ದಿನ ಬರೆದಿರಲಿಲ್ಲ. ಆದರೆ ಒಂದಿಡೀ ವರ್ಷ ಗಾಳಿಗೆ ಸುಮ್ಮಸುಮ್ಮನೆ ಬೈದವನು ನಾನು. ತಪ್ಪೊಪ್ಪಿಗೆ ಎಲ್ಲಾದ್ರೂ ಮಾಡ್ಬೇಕಲ್ಲ...

ಇಲ್ಲಿ ಟೆಕ್ಸಾಸ್‌ನಲ್ಲಿ ರಜಾದಿನ ರೇಂಜಿಗೆ ಹೋಗಿ ಕಾಗದಕ್ಕೆ, ಉಕ್ಕಿನ ತಟ್ಟೆಗೆ ಹೊಡೆಯೋದು ನನ್ನ ಹವ್ಯಾಸ. (ಬೇಟೆ ಇಲ್ಲ. ಅಮ್ಮನಿಗೆ ಮಾತು ಕೊಟ್ಟಿದ್ದೀನಿ.) ನನ್ನ .308 ಕೋವಿ 100 ಗಜದಲ್ಲಿ ಹೇಳಿದಲ್ಲಿಗೇ ಹೊಡೆಯುತ್ತಿತ್ತು. 500 ಗಜಕ್ಕೆ ಹೋದರೆ ಮಾತ್ರ ಮೂರು ಇಂಚು ಬಲಕ್ಕೆ. ಅಷ್ಟು ದೂರದಲ್ಲಿ ಗಂಟೆಗೆ ಒಂದೂವರೆ ಮೈಲಿಯ ಅಡ್ಡಗಾಳಿ ಸಾಕು, ಗುಂಡನ್ನು ಅಷ್ಟು ಸರಿಸೋದಕ್ಕೆ. ಕೆನ್ನೆಗೂ ಗೊತ್ತಾಗದ ಗಾಳಿ. ಹಾಗಾಗಿ ಅದರ ತಲೆಗೇ ಕಟ್ಟಿದೆ. ಗಾಳಿ ಆ ಕಡೆಯಿಂದ ಬಂದರೂ ಈ ಕಡೆಯಿಂದ ಬಂದರೂ ಒಟ್ಟು ಲೆಕ್ಕ ಬಲಕ್ಕೇ ಯಾಕೆ ಬೀಳುತ್ತೆ ಅನ್ನೋದು ಹೊಳೆಯೋಕೆ ವರ್ಷ ಬೇಕಾಯ್ತು.

ಕಾರಣ, ಸ್ಕೋಪು ರಿಂಗಿನೊಳಗೆ ಬಲಕ್ಕೆ ವಾಲಿತ್ತು. ಬರೀ 3 ಡಿಗ್ರಿ. 500 ಗಜಕ್ಕೆ ಟರೆಟ್ ತಿರುಗಿಸಿ ಸುಮಾರು 60 ಇಂಚು ಏರಿಸಬೇಕು. ಗುಂಡು ಬೀಳೋದು ನೇರ ಕೆಳಕ್ಕೆ. ನಾನು ಏರಿಸಿದ್ದು ಓರೆಯಾಗಿ. 60ನ್ನು 3 ಡಿಗ್ರಿಯ ಸೈನ್‌ನಿಂದ ಗುಣಿಸಿ ನೋಡಿ, ಮೂರು ಇಂಚು ಚಿಲ್ಲರೆ ಬರುತ್ತೆ. ಸೊನ್ನೆ ಹಿಡಿದ 100 ಗಜದಲ್ಲಿ ಏರಿಸೋದೇ ಇಲ್ಲವಲ್ಲ, ಹಾಗಾಗಿ ಅಲ್ಲಿ ಈ ತಪ್ಪು ಕಾಣಿಸೋದೂ ಇಲ್ಲ.

ಸ್ಕೋಪು ಕೂರಿಸುವಾಗ ನಾನು ಪುಟ್ಟ ಲೆವೆಲ್ಲುಗಳ ಜೋಡಿ ತಂದಿದ್ದೆ. ಒಂದು ಕೋವಿಯ ರೈಲಿನ ಮೇಲೆ, ಇನ್ನೊಂದು ಟರೆಟ್ ಮುಚ್ಚಳದ ಮೇಲೆ. ಎರಡೂ ಗುಳ್ಳೆ ನಡುವಿಗೆ ಬಂತು, ಖುಷಿಯಾಯ್ತು. ಆದರೆ ಒಳಗಿನ ಗೆರೆ ಮುಚ್ಚಳಕ್ಕೆ ಸರಿಯಾಗಿ ಲಂಬವಾಗಿರಲೇಬೇಕು ಅಂತೇನಿಲ್ಲ. ಸಾಲದ್ದಕ್ಕೆ ರಿಂಗಿನ ಸ್ಕ್ರೂಗಳನ್ನು ಒಂದೇ ಕಡೆಯಿಂದ ಬಿಗಿಯುತ್ತಾ ಹೋದರೆ ಸ್ಕೋಪೇ ಹೊರಳಿಬಿಡುತ್ತೆ. ಬಿಗಿದ ಮೇಲೆ ಇನ್ನೊಮ್ಮೆ ನೋಡುವ ತಾಳ್ಮೆ ನನಗಿರಲಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಊರಲ್ಲಿ ಗಾರೆಯವರು ಗೋಡೆಗೆ ಇಳಿಬಿಡೋ ತೂಕದ ಗುಂಡು. (ಗುಂಡಿಗೆ ಗುಂಡೇ ಮದ್ದು!) ಕೋವಿ ಖಾಲಿ ಅಂತ ಎರಡು ಸಲ ನೋಡಿ, ಬೋಲ್ಟ್ ತೆಗೆದಿಟ್ಟು, ಬಿಳಿ ಗೋಡೆಗೆ ದಾರ ಇಳಿಬಿಟ್ಟೆ. ಸ್ಕೋಪಿನ ಮುಂದಿನ ಗಾಜಿಗೆ ಟಾರ್ಚ್ ಹಿಡಿದರೆ ಹಿಂದಿನಿಂದ ಗೆರೆಗಳ ನೆರಳು ಗೋಡೆ ಮೇಲೆ ಬೀಳುತ್ತೆ. ನೆರಳನ್ನು ದಾರಕ್ಕೆ ಕೂಡಿಸಿ, ಸ್ಕ್ರೂಗಳನ್ನು ಅತ್ತಿತ್ತ ಸ್ವಲ್ಪ ಸ್ವಲ್ಪ ಬಿಗಿದು, ಪ್ರತಿ ಸಲವೂ ನೆರಳು ನೋಡಿದೆ. ಆಮೇಲೆ ರೇಂಜಿನಲ್ಲಿ 100 ಗಜಕ್ಕೆ ಉದ್ದ ಕಾಗದದ ಮೇಲೆ ಅದೇ ದಾರದಿಂದ ನೆಟ್ಟಗೆ ಗೆರೆ ಎಳೆದು, ಬುಡಕ್ಕೆ ಗುರಿಯಿಟ್ಟು 30 ಮಿನಿಟ್ ಏರಿಸಿ ಹೊಡೆದೆ. ತೂತುಗಳು 31 ಇಂಚು ಮೇಲೆ, ಗೆರೆ ಮೇಲೇ.

ಈಗ ರೇಂಜಿನ ಗೆಳೆಯರು ಒಪ್ಪದ ಮಾತು. ಸ್ಕೋಪು ಕೋವಿಗೆ ನೇರ ಇರಬೇಕು ಅಂತ ಅವರು ತಲೆಕೆಡಿಸ್ಕೊಳ್ತಾರೆ. ನನ್ನ ಪ್ರಕಾರ ಅದು ಭೂಮಿಗೆ ನೇರ ಇದ್ರೆ ಸಾಕು. ಸ್ಕೋಪು ನಳಿಗೆಗಿಂತ 2 ಇಂಚು ಮೇಲಿದೆ ಅಂದ್ಕೊಳ್ಳಿ. ಗೆರೆ ನೆಟ್ಟಗಿದ್ದು ಕೋವಿ ಮಾತ್ರ 3 ಡಿಗ್ರಿ ವಾಲಿದರೆ, 500 ಗಜದಲ್ಲಿ ಆಗೋ ವ್ಯತ್ಯಾಸ ಅರ್ಧ ಇಂಚೂ ಇಲ್ಲ. ನಿಮ್ಮ ಭುಜಕ್ಕೆ ಕೋವಿ ತುಸು ಓರೆಯಾಗಿ ಕೂರೋದೇ ಹಿತ ಅಂದ್ರೆ ಹಾಗೇ ಕೂರಲಿ. ಸ್ಕೋಪಿಗೇ ಒಂದು ಲೆವೆಲ್ ಕಟ್ಟಿ, ಹೊಡೆಯೋ ಮುಂಚೆ ಪ್ರತಿ ಸಲ ಅದನ್ನ ನೋಡಿ. ಇನ್ನು 200 ಗಜದೊಳಗೆ ಜಿಂಕೆ ಹೊಡೆಯೋರಿಗೆ ಇದ್ಯಾವ ತಲೆನೋವೂ ಬೇಡ. ಅಂಗಡಿಯವರು ಆ ಪೆಟ್ಟಿಗೆ ತೋರಿಸಿದ್ರೆ ನಕ್ಕು ಮುಂದೆ ಹೋಗಿ.

ಹೋದ ಶನಿವಾರ 500 ಗಜಕ್ಕೆ ಹತ್ತು ಹೊಡೆದೆ. ಒಂಬತ್ತು ನಡುವಿಗೆ, ಒಂದು ಎಡಕ್ಕೆ. ಅದು ಮಾತ್ರ ಗಾಳಿಯದೇ ಇರ್ಬೇಕು :-)